ಮಗಳಿಗೊಂದು ಪತ್ರ: ಆ ಪ್ರಶ್ನೆಗೆ ‘ಹೌದು’ ಎಂದೇ ಬರೆ

ಚಿರಂಜೀವಿ ಮಗಳಿಗೆ,

ನಿನ್ನ ತಂದೆ ಮಾಡುವ ಆಶೀರ್ವಾದಗಳು. ನಾನೂ ನಿನ್ನ ಅಮ್ಮನೂ ಕ್ಷೇಮವಾಗಿದ್ದೇವೆ.

ಪೀಣ್ಯದ ಕಾರ್ಖಾನೆಯವರು ಕೊಟ್ಟ ಅರ್ಜಿ ನಮೂನೆಯ ಚಿತ್ರವನ್ನು ನಿಧಾನವಾಗಿ ಓದಿದೆ. ‘ಯಾವುದಾದರೂ ಕ್ರಿಮಿನಲ್ ಪ್ರಕರಣದಲ್ಲಿ ನ್ಯಾಯಾಲಯವು ನಿಮ್ಮನ್ನು ದೋಷಿಯೆಂದು ತೀರ್ಮಾನಿಸಿದೆಯೇ?’ ಎಂಬ ಪ್ರಶ್ನೆ, ಅದರ ಮುಂದೆ ಹೌದು, ಇಲ್ಲ ಎಂಬ ಎರಡು ಚೌಕ, ಕೆಳಗೆ ‘ಹೌದಾದರೆ ವಿವರ’ ಎಂದು ಒಂದೇ ಒಂದು ಗೆರೆಯ ಜಾಗ. ಪ್ರೊಬೇಷನ್ ಕಾಯಿದೆಯ 12ನೆಯ ಕಲಂ ಇರುವುದರಿಂದ ‘ಇಲ್ಲ’ ಎಂದು ಬರೆದರೂ ತೊಂದರೆಯಿಲ್ಲವೆಂದು ಪರಿಚಯದ ವಕೀಲರೊಬ್ಬರು ಹೇಳಿದರೆಂದು ತಿಳಿಸಿದ್ದೀಯೆ. ನ್ಯಾಯಾಲಯದಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದವನು ನಾನು. ಕಡತಗಳ ನಡುವೆ ಕಳೆದ ಆ ವರ್ಷಗಳ ತಿಳಿವಳಿಕೆಯಿಂದ ಹೇಳುತ್ತೇನೆ, ‘ಹೌದು’ ಎಂದೇ ಬರೆ.

1958ರ ಆ ಕಾಯಿದೆಯ 4ನೆಯ ಕಲಮಿನ ಪ್ರಕಾರ ನ್ಯಾಯಾಧೀಶರು ನಿನ್ನನ್ನು ಜೈಲಿಗೆ ಕಳುಹಿಸದೆ, ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡುಗಡೆ ಮಾಡಿದರು. ಮುಚ್ಚಳಿಕೆಯ ಅವಧಿ ಯಾವ ದೂರೂ ಇಲ್ಲದೆ ಮುಗಿದಿದೆ. ಸೊಸೈಟಿಯ ಹಣವೂ ಪೂರ್ತಿ ಸಂದಾಯವಾಗಿದೆ. 12ನೆಯ ಕಲಂ ಹೇಳುವುದಿಷ್ಟೇ: ಹೀಗೆ ಬಿಡುಗಡೆಯಾದವರಿಗೆ, ದೋಷಿಯೆಂಬ ತೀರ್ಮಾನದಿಂದ ಯಾವುದಾದರೂ ಕಾನೂನಿನಡಿ ಬರಬಹುದಾದ ಅನರ್ಹತೆ ತಟ್ಟುವುದಿಲ್ಲ. ಅನರ್ಹತೆ ಹೋಯಿತು, ತೀರ್ಮಾನ ಉಳಿಯಿತು. ಭಾರತೀಯ ದಂಡ ಸಂಹಿತೆಯ 408ನೆಯ ಕಲಮಿನಡಿ, ಅಂದರೆ ನೌಕರರು ತಮ್ಮನ್ನು ನಂಬಿ ಒಪ್ಪಿಸಿದ ಹಣವನ್ನು ದುರುಪಯೋಗಪಡಿಸಿಕೊಳ್ಳುವ ಅಪರಾಧದಡಿ, ನೀನು ತಪ್ಪಿತಸ್ಥೆ ಎಂಬ ಸಾಲು ಆದೇಶದಲ್ಲಿ ಇದ್ದೇ ಇದೆ, ಮತ್ತು ಅರ್ಜಿ ನಮೂನೆ ಕೇಳುತ್ತಿರುವುದು ಆ ಸಾಲನ್ನೇ. ಈ ಕಲಂ ನಿನಗೆ ಕೆಲಸ ಕೊಡಲೇಬೇಕೆಂದು ಮಾಲೀಕರನ್ನು ಕಟ್ಟಿಹಾಕುವುದೂ ಇಲ್ಲ.

ಪ್ರಶ್ನೆ ಏನನ್ನು ಕೇಳಿದೆಯೋ ಅದಕ್ಕಷ್ಟೇ ಉತ್ತರ ಕೊಡುವುದನ್ನು ರೂಢಿಸಿಕೊ. ಮುಂದೆ ಬೇರೊಂದು ಕಡೆ ‘ನಿಮ್ಮ ಮೇಲೆ ಪ್ರಕರಣ ಬಾಕಿ ಇದೆಯೇ’ ಎಂದಷ್ಟೇ ಕೇಳಿದ್ದರೆ ‘ಇಲ್ಲ’ ಎಂಬುದೇ ಸತ್ಯ. ‘ಜೈಲು ಶಿಕ್ಷೆಯಾಗಿದೆಯೇ’ ಎಂದಿದ್ದರೂ ‘ಇಲ್ಲ’ ಎಂಬುದೇ ಸತ್ಯ. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠವು, ನಮೂನೆಯಲ್ಲಿನ ಪ್ರಶ್ನೆ ಸ್ಪಷ್ಟವಾಗಿರಬೇಕು, ಕೇಳದೇ ಇದ್ದುದನ್ನು ತಿಳಿಸಲಿಲ್ಲವೆಂಬ ಕಾರಣಕ್ಕೆ ಮಾಹಿತಿ ಮುಚ್ಚಿಟ್ಟ ಆರೋಪ ಹೊರಿಸಲಾಗದು ಎಂದಿತು. ಆದರೆ ಕೇಳಿದ್ದನ್ನು ಮುಚ್ಚಿಟ್ಟರೆ ನೇಮಕಾತಿ ರದ್ದಾಗಬಹುದು, ಸತ್ಯ ಹೇಳಿದ ಮೇಲೂ ಅಭ್ಯರ್ಥಿಯ ಪೂರ್ವಾಪರವನ್ನು ತೂಗಿ ನೋಡುವ ಹಕ್ಕು ಉದ್ಯೋಗದಾತರಿಗೆ ಇರುತ್ತದೆ ಎಂದೂ ಅದೇ ತೀರ್ಪು ಹೇಳುತ್ತದೆ. ಅದು ಸರ್ಕಾರಿ ನೌಕರಿಯ ವಿಚಾರ. ಖಾಸಗಿಯಲ್ಲಿ ನೇಮಕಾತಿ ಪತ್ರವೇ ಕಾನೂನಿನಂತೆ ನಡೆಯುತ್ತದೆ, ಮತ್ತು ಸುಳ್ಳು ಮಾಹಿತಿ ಕಂಡುಬಂದರೆ ನೋಟಿಸ್ ಇಲ್ಲದೆ ತೆಗೆದುಹಾಕುವ ಷರತ್ತು ಅಂಥ ಪತ್ರಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಇ-ಕೋರ್ಟ್ಸ್ ಜಾಲತಾಣದಲ್ಲಿ ನ್ಯಾಯಾಲಯ, ವರ್ಷ, ಹೆಸರು ಹಾಕಿದರೆ ಪ್ರಕರಣದ ವಿವರ ಯಾರಿಗೂ ಸಿಗುತ್ತದೆ. ಹಿನ್ನೆಲೆ ಪರಿಶೀಲಿಸುವ ಸಂಸ್ಥೆಗಳು ಮೊದಲು ಕೈಹಾಕುವ ಜಾಗಗಳಲ್ಲಿ ಅದೂ ಒಂದು. ಕೆಲಸಕ್ಕೆ ಸೇರಿ, ಜೊತೆಯವರ ವಿಶ್ವಾಸ ಗಳಿಸಿ, ಸಂಬಳವನ್ನು ನಂಬಿ ಮನೆ ಬಾಡಿಗೆಗೆ ಹಿಡಿದ ಮೇಲೆ ನಿನ್ನನ್ನು ಕರೆದು ಪ್ರಶ್ನಿಸುವಂತಾದರೆ ಆ ದಿನ ನೀನು ಕಳೆದುಕೊಳ್ಳುವುದು ಬರೀ ಕೆಲಸವನ್ನಲ್ಲ ಎಂಬ ಭಯ ನನಗಿದೆ.

ಈ ವ್ಯವಸ್ಥೆ ನ್ಯಾಯವಾಗಿದೆ ಎಂದು ನಾನು ಹೇಳಲಾರೆ. ಬ್ರಿಟನ್ನಿನಲ್ಲಿ 1974ರಲ್ಲೇ ಕಾನೂನು ಬಂತು. ಗೊತ್ತುಪಡಿಸಿದ ಅವಧಿ ಕಳೆದ ಮೇಲೆ ಸಣ್ಣ ಶಿಕ್ಷೆಗಳನ್ನು ಬಹುತೇಕ ಉದ್ಯೋಗಗಳಿಗೆ ಹೇಳಬೇಕಾಗಿಲ್ಲ. ನಮ್ಮಲ್ಲಿ 2015ರ ಬಾಲನ್ಯಾಯ ಕಾಯಿದೆ, ಕೆಲವು ಘೋರ ಪ್ರಕರಣಗಳನ್ನು ಬಿಟ್ಟರೆ, ಮಕ್ಕಳ ಮೇಲಿನ ಅನರ್ಹತೆಯನ್ನು ತೆಗೆದು ದಾಖಲೆಗಳನ್ನು ನಾಶಪಡಿಸಲು ಹೇಳುತ್ತದೆ. ಹದಿನೆಂಟು ದಾಟಿದವರಿಗೆ ಅಂಥ ಸಾಮಾನ್ಯ ಕಾನೂನು ಇಲ್ಲ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಮಾಡಿದ್ದನ್ನು ಐವತ್ತನೆಯ ವಯಸ್ಸಿನಲ್ಲೂ ಬರೆದುಕೊಡಬೇಕೆನ್ನುವುದು ಶಿಕ್ಷೆ ಮುಗಿಸಿದವರಿಗೆ ಮಾಡುವ ಅನ್ಯಾಯವೆಂದೇ ನನ್ನ ನಂಬಿಕೆ, ಮತ್ತು ನಮ್ಮ ಶಾಸನಸಭೆಗಳು ಇದನ್ನು ಎಂದಾದರೂ ಕೈಗೆತ್ತಿಕೊಳ್ಳಲೇಬೇಕು. ಆದರೆ ಕಾನೂನು ಬದಲಾಗುವವರೆಗೆ ನೀನು ಕಾಯುವಂತಿಲ್ಲ.

ವಿವರದ ಗೆರೆಯಲ್ಲಿ ಇಷ್ಟು ಬರೆ: ‘ಹೌದು. ಭಾ.ದಂ.ಸಂ. ಕಲಂ 408. ಪ್ರೊಬೇಷನ್ ಕಾಯಿದೆಯ ಕಲಂ 4ರಂತೆ ಬಿಡುಗಡೆ, ಅವಧಿ ಮುಗಿದಿದೆ, ಆದೇಶದ ಪ್ರತಿ ಲಗತ್ತಿಸಿದೆ.’ ಆದೇಶದ ದೃಢೀಕೃತ ನಕಲುಗಳನ್ನು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸುತ್ತಿದ್ದೇನೆ. ಪ್ರತಿ ಪುಟಕ್ಕೂ ನ್ಯಾಯಾಲಯದ ಮೊಹರು ಬಿದ್ದಿದೆ. ಕೊನೆಯಲ್ಲಿ ಅರ್ಜಿ ಕೊಟ್ಟ ದಿನ, ನಕಲು ಸಿದ್ಧವಾದ ದಿನ, ಪಡೆದ ದಿನಗಳ ನಮೂದು ಇದೆ. ಆ ಹಾಳೆಯನ್ನು ಬಿಟ್ಟು ಜೆರಾಕ್ಸ್ ಮಾಡಿಸಬೇಡ, ಏಕೆಂದರೆ ಕಚೇರಿಯ ಅನುಭವವಿರುವ ಯಾರಾದರೂ ಮೊದಲು ತಿರುವಿ ನೋಡುವುದು ಅದನ್ನೇ. ಪರಿವೀಕ್ಷಣಾಧಿಕಾರಿಗಳು (ಪ್ರೊಬೇಷನ್ ಆಫೀಸರ್) ನಿನ್ನ ನಡತೆಯ ಬಗ್ಗೆ ಬರೆದ ಪತ್ರವೂ ಜೊತೆಯಲ್ಲಿದೆ. ಪೊಲೀಸ್ ಪರಿಶೀಲನಾ ಪತ್ರ ಕೇಳಿದರೆ ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕು, ದಲ್ಲಾಳಿಗಳ ಬಳಿ ಹೋಗಬೇಡ.

ಸಂದರ್ಶನದಲ್ಲಿ ಅವರು ವಿಷಯವೆತ್ತಿದರೆ ಏನು ನಡೆಯಿತು, ಹಣ ಹೇಗೆ ಹಿಂತಿರುಗಿಸಿದೆ, ಆಮೇಲೆ ಏನು ಕಲಿತೆ ಎಂಬುದನ್ನು ಒಂದೆರಡು ನಿಮಿಷದಲ್ಲಿ ಹೇಳಿ, ಟ್ಯಾಲಿ ಮತ್ತು ಜಿಎಸ್‌ಟಿ ಲೆಕ್ಕಕ್ಕೆ ಮಾತನ್ನು ತಿರುಗಿಸು. ಮತ್ತೆ ಮತ್ತೆ ಕ್ಷಮೆ ಕೇಳಬೇಡ. ಕ್ಷಮೆ ಕೇಳಬೇಕಾದವರನ್ನು ನೀನು ಕೇಳಿದ್ದೀಯೆ. ಎದುರಿಗೆ ಕುಳಿತವರು ನಿನ್ನ ನ್ಯಾಯಾಧೀಶರಲ್ಲ. ಸದ್ಯಕ್ಕೆ ನಗದು ಕೌಂಟರಿನ ಕೆಲಸ ಬೇಡ. ಸ್ಟೋರ್ಸ್, ದಾಸ್ತಾನು ಲೆಕ್ಕ, ಖರೀದಿ ಬಿಲ್ಲುಗಳಂಥ ವಿಭಾಗ ಕೇಳು. ದೊಡ್ಡ ಕಂಪನಿಗಳಲ್ಲಿ ‘ಹೌದು’ ಎಂಬ ಗುರುತು ಕಂಡೊಡನೆ ಅರ್ಜಿಯನ್ನು ಪಕ್ಕಕ್ಕಿಡುವುದುಂಟು, ಅಲ್ಲಿ ನಿನ್ನ ಮಾತು ಕೇಳುವವರೇ ಸಿಗದಿರಬಹುದು. ಪೀಣ್ಯ, ದಾಸರಹಳ್ಳಿಯ ಕಡೆಯ ಸಣ್ಣ ಘಟಕಗಳಲ್ಲಿ ಮಾಲೀಕರೇ ಎದುರು ಕೂರುತ್ತಾರೆ, ಅವರೇ ನಿರ್ಧರಿಸುತ್ತಾರೆ. ಈ ಕಾರ್ಖಾನೆಯವರು ಬೇಡವೆಂದರೂ ಮುಂದಿನ ಬಾಗಿಲು ತಟ್ಟಲು ನಿನಗೆ ಅಂಜಿಕೆ ಇರಬಾರದು.

ಎಲ್ಲವನ್ನೂ ತಿಳಿಸಿ ಸೇರಿದ ಮೇಲೆ ಯಾರಾದರೂ ಇದೇ ಕಾರಣಕ್ಕೆ ಸಂಬಳ ತಡೆಹಿಡಿದರೆ ಅಥವಾ ಬೆದರಿಸಿದರೆ ಸುಮ್ಮನಿರಬೇಡ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಡಿ ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ಸಿಗುತ್ತದೆ. 15100ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ಪರಿಚಯಸ್ಥರಾಗಿ ನಿನ್ನ ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿಯವರ ಹೆಸರು ಕೊಡಬಹುದು. ಪ್ರಕರಣದ ವಿಷಯ ಅವರಿಗೆ ತಿಳಿದಿದೆ, ಅದರ ಬಗ್ಗೆ ಕೇಳಿದರೂ ಉತ್ತರಿಸುವುದಾಗಿ ಅವರೇ ನನಗೆ ಹೇಳಿದ್ದಾರೆ. ಫೋನ್ ಬರಬಹುದೆಂದು ನೀನೇ ಒಮ್ಮೆ ಅವರಿಗೆ ಮುಂಚಿತವಾಗಿ ತಿಳಿಸು.

ಇಂತಿ,
ನಿನ್ನ ತಂದೆ