ವಿಷಯ: ಸಾಲದ ಪುಟದಲ್ಲಿ ‘ಅಸಲು’ ಹೋಗಿ ಮತ್ತೆ ‘ಪ್ರಾಂಶುಪಾಲರು’ ಬಂದಿರುವ ಬಗ್ಗೆ

ಇವರಿಗೆ,
ವ್ಯವಸ್ಥಾಪಕರು,
ನಮ್ಮ ಸಂಘದ ಜಾಲತಾಣ ನಿರ್ವಹಿಸುವ ಸಂಸ್ಥೆ, ಹುಬ್ಬಳ್ಳಿ

ಮಾನ್ಯರೆ,

ನಾನು ಗದಗ ತಾಲ್ಲೂಕಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘವೊಂದರ ಕಾರ್ಯದರ್ಶಿ. ನಾಲ್ಕು ಸಲ ಫೋನ್ ಮಾಡಿದೆ, ಒಮ್ಮೆ ಖುದ್ದಾಗಿ ಬಂದೆ. ಇನ್ನು ಮಾತು ಕಾಗದದ ಮೇಲೆಯೇ ಇರಲಿ.

ಸೋಮವಾರ ರಾತ್ರಿ ನೀವು ತಂತ್ರಾಂಶವನ್ನು ನವೀಕರಿಸಿದಿರಿ. ಮೂರು ತಿಂಗಳು ಕುಳಿತು ನಾನು ತಿದ್ದಿದ್ದ ಪದಗಳೆಲ್ಲ ಬೆಳಗಾಗುವಷ್ಟರಲ್ಲಿ ಅಳಿಸಿಹೋಗಿದ್ದವು. ‘ಅಸಲು’ ಇದ್ದಲ್ಲಿ ‘ಪ್ರಾಂಶುಪಾಲರು’, ‘ಬಡ್ಡಿ’ ಇದ್ದಲ್ಲಿ ‘ಆಸಕ್ತಿ’, ‘ಷೇರು’ ಇದ್ದಲ್ಲಿ ‘ಹಂಚಿಕೊಳ್ಳಿ’. ಅರ್ಜಿಯ ಕೊನೆಯ ಗುಂಡಿಯ ಮೇಲೆ ‘ಉಳಿಸಿ’ ಹೋಗಿ ‘ಉಳಿತಾಯ’ ಬಂದಿದೆ. ಬೆಳೆ ಸಾಲದ ಅರ್ಜಿ ತುಂಬುತ್ತಿದ್ದ ಹಿರಿಯರೊಬ್ಬರು, ಅದನ್ನು ಒತ್ತಿದರೆ ಉಳಿತಾಯ ಖಾತೆಯ ಹಣ ಕಡಿತವಾಗುತ್ತದೆ ಎಂದು ಹೆದರಿ ಅರ್ಧಕ್ಕೇ ಎದ್ದು ಹೋದರು.

ನಾವು ತಿದ್ದಿದ್ದನ್ನು ನೀವು ತಂತ್ರಾಂಶದ ಜೊತೆ ಬರುವ ಮೂಲ ಭಾಷಾ ಕಡತದಲ್ಲಿ ಬೆರೆಸದೆ ಡೇಟಾಬೇಸ್‌ನಲ್ಲಿ ಪ್ರತ್ಯೇಕವಾಗಿ ಇಟ್ಟಿದ್ದರೆ ನವೀಕರಣ ಅದನ್ನು ಮುಟ್ಟುತ್ತಿರಲಿಲ್ಲ. ‘ಪ್ರಿನ್ಸಿಪಲ್’, ‘ಇಂಟರೆಸ್ಟ್’ನಂತಹ ಎರಡರ್ಥದ ಇಂಗ್ಲಿಷ್ ಪದಕ್ಕೆ ಕನ್ನಡದ ಒಂದೇ ಪದವನ್ನು ಕಟ್ಟಿಹಾಕದೆ, ಸಂದರ್ಭಕ್ಕೊಂದು ಕೀಲಿ (ಪದವನ್ನು ಗುರುತಿಸುವ ಹೆಸರು) ಕೊಟ್ಟಿದ್ದರೆ ಸದಸ್ಯರ ಹವ್ಯಾಸ ಕೇಳುವ ‘ಆಸಕ್ತಿ’ ಸಾಲದ ಪುಟಕ್ಕೆ ನುಗ್ಗುತ್ತಿರಲಿಲ್ಲ. ಯಾವ ಊರಿನ ಹೆಸರು ಬಂದರೂ ‘ಗೆ’ ಅಂಟಿಸುವ ನಿಮ್ಮ ವ್ಯವಸ್ಥೆ ‘ಹುಬ್ಬಳ್ಳಿಗೆ’ ಎಂದು ಸರಿಯಾಗಿ ತೋರಿಸುತ್ತದೆ, ‘ಗದಗಗೆ’ ಎಂದೂ ತೋರಿಸುತ್ತದೆ. ಇವು ನಿಮಗೆ ತಿಳಿಯದ ಸಂಗತಿಗಳಲ್ಲ. ಪರದೆಯ ಪ್ರತಿ ಪದವನ್ನೂ ಸಂಘವೇ ತಿದ್ದಬಹುದು, ತಿದ್ದಿದ್ದು ಉಳಿಯುತ್ತದೆ ಎಂದು ಒಪ್ಪಂದದ ಏಳನೇ ಕಲಮಿನಲ್ಲಿ ಬರೆದವರು ನೀವೇ.

ಬುಧವಾರ 41 ಪದಗಳ ಪಟ್ಟಿ ಹಿಡಿದು ಬೆಳಗಿನ ಬಸ್ಸಿಗೆ ನಿಮ್ಮ ಕಚೇರಿಗೆ ಬಂದೆ. ಒಂದೂವರೆ ಗಂಟೆ ಬಾಗಿಲ ಬಳಿ ಕಾಯಿಸಿದ ಮೇಲೆ ಎಂಜಿನಿಯರ್ ಒಬ್ಬರು ಒಳಗೆ ಕರೆದರು. ಎದುರಿನ ಕುರ್ಚಿಯ ಮೇಲೆ ಅವರ ಚೀಲವಿತ್ತು; ಅದನ್ನು ತೆಗೆಯಲಿಲ್ಲ. ‘ಒಂದು ಪದ ಹೇಳಿ, ಹಾಕಿ ತೋರಿಸುತ್ತೇನೆ’ ಎಂದರು. ‘ಬಡ್ಡಿ’ ಎಂದೆ. ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿದರು. ‘ಬಡಿ ದರ’ ಎಂದು ಮೂಡಿತು. ಡಕಾರಕ್ಕೆ ಒತ್ತು ಬೇಕು ಎಂದೆ. ‘ಒಂದು ಒತ್ತಕ್ಷರಕ್ಕಾಗಿ ಗದಗದಿಂದ ಬಂದಿರಾ?’ ಎಂದು ಪಕ್ಕದವರತ್ತ ತಿರುಗಿದರು. ಅವರೂ ನಕ್ಕರು. ‘ಬಡಿ’ ಎಂದರೆ ಹೊಡೆ ಎಂದು ನಾನು ವಿವರಿಸುತ್ತಿದ್ದಾಗ ಅವರ ಕಣ್ಣು ಮೊಬೈಲ್ ಮೇಲಿತ್ತು. ಕೊನೆಗೆ ಹೇಳಿದರು: ‘ನಿಮ್ಮ ರೈತರು ಅದನ್ನೆಲ್ಲ ಓದುತ್ತಾರೆಯೇ? ಹಸಿರು ಗುಂಡಿ ಕಂಡಲ್ಲಿ ಒತ್ತುತ್ತಾರೆ, ಅಷ್ಟೇ.’ ಐವತ್ತೆಂಟನೇ ವಯಸ್ಸಿನಲ್ಲಿ, ನಿಂತುಕೊಂಡೇ ಆ ಮಾತು ಕೇಳಿಸಿಕೊಂಡೆ.

ನಮ್ಮ ರೈತರು ಓದುತ್ತಾರೆ. ದೇಶದ ಮೊದಮೊದಲ ಕೃಷಿ ಸಹಕಾರ ಸಂಘಗಳಲ್ಲೊಂದು 1905ರಲ್ಲಿ ಹುಟ್ಟಿದ ಕಣಗಿನಹಾಳ ಇದೇ ತಾಲ್ಲೂಕಿನಲ್ಲಿದೆ. ಅಸಲು, ಬಡ್ಡಿ, ಶಿಲ್ಕು (ಉಳಿಕೆ ಹಣ) ಎಂಬ ಮಾತುಗಳನ್ನು ಬೆರಳಿಟ್ಟು ಓದಿ, ಅರ್ಥ ಕೇಳಿ ಆಮೇಲೆ ಸಹಿ ಹಾಕುವವರು ಅವರು. ಸಾಲದ ಪತ್ರದಲ್ಲಿ ಒಂದು ಪದ ತಪ್ಪಾಗಿ ತಿಳಿದರೆ ಹೋಗುವುದು ಹೊಲ.

ಹದಿನೈದು ದಿನ ಕೊಡುತ್ತೇನೆ. ಭಾನುವಾರದ ಬ್ಯಾಕಪ್‌ನಿಂದ ನನ್ನ ಪದಗಳನ್ನು ಮರಳಿ ತನ್ನಿ. ಇಲ್ಲದಿದ್ದರೆ ವಾರ್ಷಿಕ ನಿರ್ವಹಣಾ ಶುಲ್ಕದ ಚೆಕ್ ಬರುವುದಿಲ್ಲ. ಸೆಪ್ಟೆಂಬರ್‌ನ ಸಾಮಾನ್ಯ ಸಭೆಯಲ್ಲಿ ಈ ಪುಟವನ್ನು ದೊಡ್ಡ ಪರದೆಯ ಮೇಲೆ ತೋರಿಸಿ, ನಿಮ್ಮ ಎಂಜಿನಿಯರ್ ಆಡಿದ ಮಾತನ್ನು ಒಂದಕ್ಷರ ಬಿಡದೆ ಓದುತ್ತೇನೆ. ನಿಮ್ಮ ತಂತ್ರಾಂಶ ಕೊಳ್ಳಲು ಹೊರಟಿರುವ ರೋಣ, ಮುಂಡರಗಿ ಕಡೆಯ ಸಂಘಗಳ ಕಾರ್ಯದರ್ಶಿಗಳನ್ನೂ ಕರೆದಿದ್ದೇನೆ. ನಿಮ್ಮ ಕಡೆಯವರೂ ಬರಬಹುದು. ಬಂದವರಿಗೆ ನಾವು ಕುರ್ಚಿ ಕೊಡುತ್ತೇವೆ.

ಇಂತಿ,
ಕಾರ್ಯದರ್ಶಿ