ಅರ್ಥ್ ಕ್ಲಾಂಪ್ ಬದಲಾಗಿದೆ, ಬೆಲೆಯೂ ಸ್ವಲ್ಪ ಏರಿದೆ

ಗ್ರಾಹಕ ಮಿತ್ರರಿಗೆ ನಮಸ್ಕಾರ,

ಮೊದಲು ಬೆಲೆಯ ವಿಷಯ ಹೇಳಿಬಿಡುತ್ತೇವೆ. ನಮ್ಮ 200 ಆಂಪ್ ಇನ್ವರ್ಟರ್ ವೆಲ್ಡಿಂಗ್ ಮಷೀನಿಗೆ ಮುಂದಿನ ತಿಂಗಳಿಂದ 1,400 ರೂಪಾಯಿ ಜಾಸ್ತಿ. ಮಷೀನ್ ಅದೇ. ಬದಲಾಗಿರುವುದು ಅದರ ಜೊತೆ ಕೊಡುವ ಕೇಬಲ್ ಮತ್ತು ಅರ್ಥ್ ಕ್ಲಾಂಪ್, ಅಂದರೆ ವೆಲ್ಡ್ ಮಾಡುವ ಕಬ್ಬಿಣಕ್ಕೆ ಕಚ್ಚಿಸುವ ಕ್ಲಿಪ್.

"ರಾಡ್ ಅಂಟಿಕೊಳ್ಳುತ್ತೆ, ಕರೆಂಟ್ ಸಾಲಲ್ಲ" ಎಂಬ ದೂರು ನಮಗೆ ಹೊಸದಲ್ಲ. ವೋಲ್ಟೇಜ್ ಕಡಿಮೆ ಇರಬೇಕು, ರಾಡ್ ತೇವ ಹಿಡಿದಿರಬೇಕು ಅಂತ ಹೇಳಿ ಕಳಿಸುತ್ತಿದ್ದೆವು. ಹಳ್ಳಿ ಕಡೆ ಅದು ಎಷ್ಟೋ ಸಲ ನಿಜವೂ ಹೌದು. ಆದರೆ ದನದ ಕೊಟ್ಟಿಗೆಗೆ ಗೇಟ್ ಮಾಡುತ್ತಿದ್ದ ರೈತರೊಬ್ಬರು ಮಷೀನನ್ನು ಕೇಬಲ್ ಸಮೇತ ಅಂಗಡಿಗೇ ತಂದಿಟ್ಟರು. ಬೇರೆ ಕೇಬಲ್ ಹಾಕಿ 3.15 ಎಂಎಂ ರಾಡ್ ಉರಿಸಿದೆವು, ಮಷೀನ್ ಚೆನ್ನಾಗಿಯೇ ಓಡಿತು. ಅವರ ಕ್ಲಾಂಪ್ ಹಾಕಿದರೆ ಎರಡನೇ ರಾಡಿಗೇ ಪ್ಲಾಸ್ಟಿಕ್ ಸುಟ್ಟ ವಾಸನೆ. ಬಿಚ್ಚಿ ನೋಡಿದರೆ ಸ್ಪ್ರಿಂಗ್ ನೀಲಿಗಟ್ಟಿತ್ತು. ಕೇಬಲಿನ ಲಗ್ (ತುದಿಗೆ ಪ್ರೆಸ್ ಮಾಡಿದ ಲೋಹದ ತುಂಡು) ಇದ್ದದ್ದು ಕ್ಲಾಂಪಿನ ಒಂದೇ ದವಡೆಗೆ, ಇನ್ನೊಂದಕ್ಕೆ ಕರೆಂಟ್ ಹೋಗಬೇಕಾದರೆ ತುಕ್ಕು ಹಿಡಿದ ಪಿನ್ನು, ಆ ಸ್ಪ್ರಿಂಗು ದಾಟಿಕೊಂಡೇ ಹೋಗಬೇಕು. ಅದೂ ಸಾಲದು ಅಂತ ಲಗ್ಗಿಗೂ ದವಡೆಗೂ ನಡುವೆ ಒಂದು ಕಬ್ಬಿಣದ ವಾಷರ್! ಹಾಗೆ ಜೋಡಿಸಿ ಕೊಟ್ಟವರು ನಾವೇ.

120 ಆಂಪ್ ಹರಿಯುವಾಗ ಆ ಜಾಗದಲ್ಲಿ ಬರೀ 10 ಮಿಲಿ ಓಮ್ ತಡೆ ಇದ್ದರೂ 144 ವಾಟ್ ಶಾಖ ಅಲ್ಲೇ ಹುಟ್ಟುತ್ತದೆ. ಅಷ್ಟು ಸಣ್ಣ ಕ್ಲಾಂಪ್ ಸುಡದೆ ಇರುತ್ತದಾ?

ಕೇಬಲ್ ಕಥೆಯೂ ಅಷ್ಟೇ. ಇದುವರೆಗೆ ಕೊಡುತ್ತಿದ್ದದ್ದು 16 ಸ್ಕ್ವೇರ್ ಎಂಎಂ, ಒಳಗೆ ಅಲ್ಯೂಮಿನಿಯಂ, ಮೇಲೆ ತಾಮ್ರದ ಲೇಪ. ನೋಡಲು ತಾಮ್ರವೇ. ಕೆಲಸದಲ್ಲಿ ಹೆಚ್ಚುಕಡಿಮೆ 10 ಸ್ಕ್ವೇರ್ ಎಂಎಂ ತಾಮ್ರಕ್ಕೆ ಸಮ, ಮೇಲಾಗಿ ದಿನಾ ಸುತ್ತಿ ಬಿಚ್ಚಿ ಮಾಡುತ್ತಿದ್ದರೆ ಎಳೆಗಳು ಒಳಗೊಳಗೇ ತುಂಡಾಗುತ್ತವೆ. ಇನ್ನು ಮುಂದೆ ರಾಡ್ ಕಡೆಯದು, ಕ್ಲಾಂಪ್ ಕಡೆಯದು ಎರಡೂ ಕೇಬಲ್ 25 ಸ್ಕ್ವೇರ್ ಎಂಎಂ ಪೂರ್ತಿ ತಾಮ್ರ, ತಲಾ 3 ಮೀಟರ್. ಕ್ಲಾಂಪ್ ಹಿತ್ತಾಳೆಯದು, ಎರಡು ದವಡೆಗಳ ನಡುವೆ ಹೆಣೆದ ತಾಮ್ರದ ಪಟ್ಟಿ ಇರುತ್ತದೆ. ಪೆಟ್ಟಿಗೆ ಭಾರ ಆಗುತ್ತದೆ, ಏನೂ ಮಾಡಕ್ಕಾಗಲ್ಲ.

ಹಳೇ ಮಷೀನ್ ಇರುವವರು ಕ್ಲಾಂಪ್ ತನ್ನಿ, ಪುಕ್ಕಟೆ ಬದಲಾಯಿಸಿ ಕೊಡುತ್ತೇವೆ. ಕೇಬಲ್ ಬೇಕಾದರೆ ಅಸಲು ಬೆಲೆಗೆ. ದೂರದವರು ಸದ್ಯಕ್ಕೆ ಮನೆಯಲ್ಲೇ ಇಷ್ಟು ಮಾಡಿಕೊಳ್ಳಿ: ಮೇನ್ ಪ್ಲಗ್ ಕಿತ್ತು, ಆ ವಾಷರ್ ತೆಗೆದು ಲಗ್ಗನ್ನು ನೇರವಾಗಿ ದವಡೆಗೆ ತಾಗುವಂತೆ ಕೂರಿಸಿ, ವಾಷರನ್ನು ಬೋಲ್ಟಿನ ತಲೆ ಕೆಳಗೆ ಹಾಕಿ ಬಿಗಿ ಮಾಡಿ. ಕೇಬಲ್ ತುದಿ ಕಪ್ಪಾಗಿದ್ದರೆ ಹೊಳೆಯುವ ಎಳೆ ಕಾಣುವ ತನಕ ಕತ್ತರಿಸಿ ಹೊಸ ಲಗ್ ಪ್ರೆಸ್ ಮಾಡಿಸಿ. ಮಷೀನಿಗೆ ಸಿಕ್ಕಿಸುವ ಕನೆಕ್ಟರನ್ನು ಒಳಗೆ ಒತ್ತಿ ಬಲಕ್ಕೆ ತಿರುಗಿಸಿ. ಸುಮ್ನೆ ತೂರಿಸಿಟ್ಟರೆ ಸಾಕೆಟ್ಟೇ ಸುಡುತ್ತದೆ.

ಹಾಂ, ಪೇಂಟ್ ಹೊಡೆದ ಪೈಪಿಗೆ ಹೊಸ ಕ್ಲಾಂಪ್ ಕಚ್ಚಿಸಿ "ಇದೂ ಅಷ್ಟೇ ಅಲ್ವಾ" ಅಂತ ಫೋನ್ ಮಾಡಬೇಡಿ. ಕಚ್ಚಿಸುವ ಮೊದಲು ಗ್ರೈಂಡರಿನಲ್ಲಿ ಎರಡು ಬೆರಳಗಲ ಉಜ್ಜಿ.

ಭಾನುವಾರ ಅಂಗಡಿ ರಜೆ.

ಇಂತಿ,
ನಿಮ್ಮ ಮಷೀನ್ ಅಂಗಡಿಯವರು