ಭಾನುವಾರದ ಓಟ: ಭದ್ರಾ ನಾಲೆ ಏರಿಯ ಮೇಲೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸ್ಟೇಡಿಯಂ ಬೇಡ, ದಾವಣಗೆರೆ ಹೊರಗಿನ ಭದ್ರಾ ನಾಲೆ ಏರಿಗೆ ಹೋಗೋಣ. ಬೆಳಿಗ್ಗೆ 5:45ಕ್ಕೆ ಕುಂದವಾಡ ಕೆರೆ ಹತ್ತಿರ ಸೇರಿ. ಆರಕ್ಕೆ ಹೊರಡುತ್ತೇವೆ, ಯಾರಿಗೂ ಕಾಯುವುದಿಲ್ಲ.

ಏರಿ ಕಣ್ಣಿಗೆ ಪೂರ್ತಿ ಸಮತಟ್ಟು. ನೀರು ತಾನಾಗಿ ಹರಿಯುವಷ್ಟೇ ಇಳಿಜಾರು, ಕಾಲಿಗೆ ಗೊತ್ತೇ ಆಗುವುದಿಲ್ಲ. ಹಾಗಂತ ಸುಲಭ ಅಂದುಕೊಳ್ಳಬೇಡಿ. ಏರಿಳಿತ ಇಲ್ಲದ ದಾರಿಯಲ್ಲಿ ಅದೇ ಸ್ನಾಯುಗಳು ಒಂದೇ ಸಮ ದುಡಿಯುತ್ತವೆ, ಮೀನಖಂಡ ಬೇಗ ಬಿಗಿಯುತ್ತದೆ. ಮಧ್ಯೆ ಒಂದೊಂದು ನಿಮಿಷ ನಡೆಯಿರಿ, ನಾಚಿಕೆ ಏನಿಲ್ಲ. ಮಳೆಗಾಲದ ಗಾಳಿ ಪಶ್ಚಿಮದಿಂದ ಬೀಸುತ್ತದೆ, ಗದ್ದೆ ಬಯಲಲ್ಲಿ ತಡೆಯುವವರಿಲ್ಲ. ಮೊದಲು ಗಾಳಿಗೆ ಎದುರಾಗಿ ಓಡೋಣ, ವಾಪಸ್ ಬರುವಾಗ ಅದೇ ಬೆನ್ನು ತಳ್ಳುತ್ತದೆ. ಬಿಸಿಲು ಮಾತ್ರ ಆಗ ಮುಖಕ್ಕೇ, ಟೋಪಿ ತನ್ನಿ.

ಗದ್ದೆ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು. ಅಂಚಿನ ಹುಲ್ಲಿಗೆ ಕಾಲಿಡಬೇಡಿ, ಟ್ರ್ಯಾಕ್ಟರ್ ಗಾಲಿ ಸವೆಸಿದ ಎರಡು ಪಟ್ಟಿಯಲ್ಲೇ ಓಡಿ. ಟ್ರ್ಯಾಕ್ಟರ್ ಬಂದರೆ ನಿಂತು ದಾರಿ ಬಿಡಿ, ಅದು ರೈತರ ದಾರಿ ಅಲ್ವಾ. ಇಯರ್‌ಫೋನ್ ಬೇಡ, ಹಿಂದಿನ ಬೈಕ್ ಕೇಳಿಸಬೇಕು. ನಾಲೆಯಲ್ಲಿ ಈಗ ನೀರು ಜೋರಾಗಿದೆ. ಕೈಕಾಲು ತೊಳೆಯಲೂ ಇಳಿಯಬೇಡಿ. ಕಾಂಕ್ರೀಟ್ ಇಳಿಜಾರಿನ ಪಾಚಿ ಜಾರುತ್ತದೆ, ಹತ್ತಿ ಬರಲು ಹಿಡಿತವೇ ಸಿಗಲ್ಲ.

ರಾತ್ರಿ ಮಳೆ ಬಂದರೆ ಓಟ ಇಲ್ಲ. ಎರೆಮಣ್ಣು ಶೂಗೆ ಮೆತ್ತಿಕೊಂಡರೆ ಕಾಲು ಎತ್ತುವುದೇ ದೊಡ್ಡ ಕೆಲಸ.

ಬರುವವರು ಶನಿವಾರ ರಾತ್ರಿ ಎಂಟರೊಳಗೆ ಇಲ್ಲೇ ಹೆಸರು ಹಾಕಿ. ಓಟದ ನಂತರ ಬೆಣ್ಣೆದೋಸೆ ಇದ್ದೇ ಇದೆ. ಬರೀ ದೋಸೆಗೆ ಬರುವವರೂ ಹೆಸರು ಹಾಕಿ, ಟೇಬಲ್ ಹಿಡಿಯಬೇಕು.